ಚುಕ್ಕೆಯ ಲೆಕ್ಕ, ಕಣ್ಣಿನ ಅಳತೆ



ಕಣ್ಣಿಗೆ ಸಂಬಂಧಪಟ್ಟ ವಿಷಯವೊಂದನ್ನು ಕಿವಿಯ ಮೂಲಕ ತಿಳಿಸಬೇಕಾದ ಪ್ರಸಂಗ ಈ ಹೊತ್ತು ನನಗೊದಗಿದೆ. ಬಾನುಲಿಯಲ್ಲಿ ಚಿತ್ರವನ್ನು ತೋರಿಸುವಂತಿಲ್ಲ. ಕರಿಹಲಗೆಯ ಮೇಲೆ ಗೆರೆಯೆಳೆಯುವಂತಿಲ್ಲ. ಆದುದರಿಂದ ನಾನು ಹೇಳಹೊರಟ ಪರದೆಯನ್ನೂ ಅದರ ಮೇಲಣ ಅಕ್ಷರವನ್ನೂ ನೀವೇ ಮನಸ್ಸಿನಲ್ಲಿ ರೂಪಿಸಿಕೊಳ್ಳಬೇಕೆಂದು ಮೊದಲಿಗೇ ಬೇಡಿಕೊಳ್ಳುತ್ತೇನೆ.

ವಿಷಯ ಇಷ್ಟು. ಗಣಕಯಂತ್ರದ ಪರದೆಯ ಮೇಲೆ ಅಕ್ಷರಗಳು ಕಾಣುತ್ತವೆ. ಒತ್ತತಕ್ಕ ಗುಂಡಿಗಳು, ಆರಿಸತಕ್ಕ ಪಟ್ಟಿಗಳು, ಗುರುತಿನ ಚಿಕ್ಕ ಚಿತ್ರಗಳು ಕಾಣುತ್ತವೆ. ಇವೇ ಒಂದು ಯಂತ್ರದಲ್ಲಿ ಢಾಳಾಗಿಯೂ ಮತ್ತೊಂದರಲ್ಲಿ ಕಣ್ಣು ಕಿರಿದು ಮಾಡಿಕೊಂಡು ನೋಡಬೇಕಾದಷ್ಟು ಕ್ಷೀಣವಾಗಿಯೂ ಕಾಣುವುದೇಕೆ? ಎರಡು ಪರದೆಗಳನ್ನು ಅಳೆದು ನೋಡಿದರೆ ಅಗಲ ಒಂದೇ, ಎತ್ತರ ಒಂದೇ. ತಂತ್ರಾಂಶವೂ ಒಂದೇ. ಆದರೂ ಹೆಚ್ಚು ಹಣ ಕೊಟ್ಟು ತಂದ ಹೊಸ ಯಂತ್ರದಲ್ಲಿಯೇ ಅಕ್ಷರ ಚಿಕ್ಕದಾಗಿ, ಅಟ್ಟಕ್ಕೇರಿಸಬೇಕೆಂದಿದ್ದ ಹಳೆಯ ಯಂತ್ರದಲ್ಲಿ ಅದು ದೊಡ್ಡದಾಗಿ ಕಂಡುಬಂದಾಗ, ಕೊಂಡವನಿಗೆ ಅಂಗಡಿಯವನು ತನ್ನನ್ನು ವಂಚಿಸಿದನೋ ಏನೋ ಎಂಬ ಸಂಶಯವುಂಟಾಗುವುದು ಸ್ವಾಭಾವಿಕ. ಅಂಗಡಿಯವನ ತಪ್ಪು ಇದರಲ್ಲಿ ಏನೂ ಇಲ್ಲ.

ಇದರ ಮರ್ಮವನ್ನರಿಯಲು ಗಣಕಶಾಸ್ತ್ರವನ್ನು ಓದಬೇಕಾದುದಿಲ್ಲ. ಶಿಗ್ಗಾಂವ, ಹಾನಗಲ್ಲ, ಸವಣೂರ, ಹಿರೇಕೆರೂರಗಳ ಕಡೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ, ಧಾರವಾಡದ ಸೀಮೆಯ ಉಳಿದೆಡೆಗಳಲ್ಲಿರುವಂತೆಯೇ, ಕಸೂತಿ ಹಾಕಿದ ಇಲಕಲ್ಲ ಸೀರೆಯೊಂದು ಇದ್ದರೂ ಇದ್ದೀತು. ಅದನ್ನು ಮಡಿಲಲ್ಲಿ ಹರಡಿಕೊಂಡು ನೋಡಿದರೆ ಸಾಕು.

ಕಸೂತಿ ಹಾಕುವವಳು ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸುತ್ತಾಳೆ. ಗಾವಂತಿಯಾಗಲಿ, ಮುರ್ಗಿಯಾಗಲಿ, ನೇಗಿಯಾಗಲಿ, ಮೆಂತೆಯಾಗಲಿ, ಸೂಜಿ ಎಷ್ಟು ಎಳೆಗಳನ್ನು ದಾಟಿ ಮೇಲೆ ಬರಬೇಕು, ಎಷ್ಟು ಎಳೆಗಳನ್ನು ದಾಟಿ ಕೆಳಗಿಳಿಯಬೇಕು ಎಂಬ ಲೆಕ್ಕವೇ ಅವಳ ನಕ್ಷೆ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ಇವೆಲ್ಲವೂ ಅಜ್ಜಿಯಿಂದ ಮೊಮ್ಮಗಳಿಗೆ ಎಣಿಕೆಯ ರೂಪದಲ್ಲಿಯೇ ಇಳಿದುಬಂದಿವೆ. ಈಗ ಒಂದು ಗೋಪುರದ ಎತ್ತರ 60 ಎಳೆ ಎಂದಿಟ್ಟುಕೊಳ್ಳಿ. ಒಂದು ಬಟ್ಟೆ ಒರಟು. ಅಂಗುಲಕ್ಕೆ 30 ಎಳೆ. ಇನ್ನೊಂದು ನಯ, ಅಂಗುಲಕ್ಕೆ 60 ಎಳೆ. ಒರಟು ಬಟ್ಟೆಯ ಮೇಲೆ ಗೋಪುರ ಎರಡು ಅಂಗುಲ ಎತ್ತರಕ್ಕೆ ನಿಲ್ಲುತ್ತದೆ. ನಯವಾದ ಬಟ್ಟೆಯ ಮೇಲೆ ಒಂದೇ ಅಂಗುಲ. ಲೆಕ್ಕ ತಪ್ಪಲಿಲ್ಲ, ಕೈ ತಪ್ಪಲಿಲ್ಲ. ಬಟ್ಟೆ ಸೂಕ್ಷ್ಮವಾಯಿತು, ಗೋಪುರ ಕುಗ್ಗಿತು.

ಗಣಕದ ಪರದೆಯೂ ಇಂಥದೊಂದು ಬಟ್ಟೆಯೇ. ಅಡ್ಡಸಾಲು ನೆಟ್ಟಸಾಲುಗಳಲ್ಲಿ ಒತ್ತೊತ್ತಾಗಿ ಕೂಡಿಸಿದ ಅತಿ ಚಿಕ್ಕ ಬೆಳಕಿನ ಚುಕ್ಕೆಗಳಿಂದ ಅದು ಆಗಿದೆ. ಈ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಅಡ್ಡಕ್ಕೆ ಎಷ್ಟು ಚುಕ್ಕೆ, ನೆಟ್ಟಗೆ ಎಷ್ಟು ಚುಕ್ಕೆ ಎಂಬ ಎಣಿಕೆಯನ್ನು ರೆಸೊಲ್ಯೂಷನ್ ಎನ್ನುತ್ತಾರೆ. ತಂತ್ರಾಂಶವನ್ನು ರಚಿಸಿದವನು ಬಹುಕಾಲದವರೆಗೆ ಕಸೂತಿಯವಳ ಪದ್ಧತಿಯನ್ನೇ ಅನುಸರಿಸಿದನು. ಈ ಚಿತ್ರ 32 ಚುಕ್ಕೆ ಅಗಲ, ಈ ಅಕ್ಷರ 16 ಚುಕ್ಕೆ ಎತ್ತರ, ಎಂದು ಎಣಿಕೆಯಿಂದಲೇ ವಿಧಿಸಿದನು. ಆ ಚುಕ್ಕೆ ಎಷ್ಟು ದಪ್ಪವೆಂಬುದು ಅವನಿಗೆ ತಿಳಿಯದು. ಅದು ಕೊಂಡವನ ಮನೆಯಲ್ಲಿರುವ ಪರದೆಗೆ ಬಿಟ್ಟ ಮಾತು.

ಹೇಳಿದುದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಪರದೆಯೆಂಬುದು ಚುಕ್ಕೆಗಳ ನೆಯ್ಗೆ. ಅದರ ಮೇಲಣ ವಸ್ತುಗಳನ್ನು ಚುಕ್ಕೆಯ ಎಣಿಕೆಯಿಂದ ವಿಧಿಸಲಾಗಿದೆ. ಚುಕ್ಕೆ ಚಿಕ್ಕದಾದರೆ ವಸ್ತುವೂ ಚಿಕ್ಕದಾಗುತ್ತದೆ. ಇನ್ನು ಇದು ಎಷ್ಟರ ಮಟ್ಟಿಗೆ ಆಗುತ್ತದೆಂಬುದನ್ನು ಸ್ಥೂಲವಾದ ಅಂಕಿಗಳಿಂದ ನೋಡೋಣ.

1987ರಲ್ಲಿ ಐಬಿಎಂ ಸಂಸ್ಥೆ ವಿಜಿಎ ಎಂಬ ಏರ್ಪಾಟನ್ನು ಹೊರತಂದಿತು. ಅದರಲ್ಲಿ ಅಡ್ಡಕ್ಕೆ 640, ನೆಟ್ಟಗೆ 480 ಚುಕ್ಕೆ. ಒಟ್ಟು ಸುಮಾರು 3 ಲಕ್ಷ. ನಮ್ಮ ಕಚೇರಿಗಳಿಗೆ ಮೊದಮೊದಲು ಬಂದ 14 ಅಂಗುಲದ ಗಾಜಿನ ಕೊಳವೆಯ ಮಾನಿಟರಿನ ಮೇಲೆ ಇವನ್ನು ಹರಡಿದಾಗ ಅಂಗುಲವೊಂದಕ್ಕೆ ಸುಮಾರು 60 ಚುಕ್ಕೆ ಬರುತ್ತಿದ್ದವು. 32 ಚುಕ್ಕೆಯ ಗುರುತು-ಚಿತ್ರ ಆಗ ಅರ್ಧ ಅಂಗುಲಕ್ಕೂ ತುಸು ಮೇಲೆ ಇರುತ್ತಿತ್ತು. ಬೆರಳ ತುದಿಯಿಂದ ಮುಚ್ಚಬಹುದಾದಷ್ಟು. ಮುಂದೆ 15 ಅಂಗುಲಕ್ಕೆ ತುಸು ಮೇಲ್ಪಟ್ಟ ಮಡಚುವ ಗಣಕಗಳು, ಎಂದರೆ ಲ್ಯಾಪ್‌ಟಾಪುಗಳು, ಬಂದವು. ಅವುಗಳಲ್ಲಿ ಬಹುಕಾಲ ಸಾಮಾನ್ಯವಾಗಿದ್ದುದು 1366 ಮತ್ತು 768ರ ಎಣಿಕೆ. ಅಂಗುಲಕ್ಕೆ ಸುಮಾರು 100 ಚುಕ್ಕೆ. ಆ ಚಿತ್ರ 8 ಮಿಲಿಮೀಟರಿಗೆ ಇಳಿಯಿತು. ಅನಂತರ ಅಷ್ಟೇ ಅಗಲದ ಪರದೆಯಲ್ಲಿ 1920 ಮತ್ತು 1080 ಬಂದಿತು. ಅಂಗುಲಕ್ಕೆ 140, ಚಿತ್ರ 6 ಮಿಲಿಮೀಟರು. ಈಗ ಫೋರ್-ಕೆ ಎಂಬ ಜಾತಿಯ ಪರದೆಯಲ್ಲಿ ಒಟ್ಟು 83 ಲಕ್ಷದಷ್ಟು ಚುಕ್ಕೆಗಳಿವೆ. ಅದೇ ಅಗಲದಲ್ಲಿ ಅಂಗುಲಕ್ಕೆ 280. ಹಳೆಯ ಲೆಕ್ಕವನ್ನೇ ಹಿಡಿದು ಕೂತ ತಂತ್ರಾಂಶದ ಚಿತ್ರ ಇದರ ಮೇಲೆ 3 ಮಿಲಿಮೀಟರಿನೊಳಗಾಗಿಬಿಡುತ್ತದೆ. ಅದನ್ನು ಇಲಿಯ, ಎಂದರೆ ಮೌಸಿನ, ಬಾಣದಿಂದ ಗುರಿಯಿಟ್ಟು ಹಿಡಿಯುವುದೇ ಒಂದು ಸಾಹಸ.

ಇಂಥ ತೊಂದರೆ ಅಚ್ಚುಕೂಟದವರಿಗೆ ಎಂದೂ ಇರಲಿಲ್ಲ. ಕನ್ನಡಕ್ಕೆ ಮೊಳೆಯ ಅಚ್ಚು ಬಂದಂದಿನಿಂದ ಧಾರವಾಡ, ಹುಬ್ಬಳ್ಳಿಗಳ ಮುದ್ರಕರು ಸೀಸದ ಮೊಳೆಗಳನ್ನು ಕಳಚಿಟ್ಟು ಗಣಕವನ್ನು ತಂದುಕೊಂಡ ದಿನದವರೆಗೆ ಅಕ್ಷರದ ಗಾತ್ರವೆಂಬುದು ಲೋಹದಲ್ಲಿ ನಿಂತ ಗಾತ್ರ. ಅಂಗುಲಕ್ಕೆ ಹೆಚ್ಚುಕಡಮೆ 72 ಪಾಯಿಂಟು. 12 ಪಾಯಿಂಟಿನ ಮೊಳೆಯೆಂದರೆ ಅಂಗುಲದ ಆರನೆಯ ಒಂದು ಪಾಲು. ಕಾಗದ ನುಣುಪಾಗಿರಲಿ, ತರಕಲಾಗಿರಲಿ, ಮೊಳೆ ಕುಗ್ಗುತ್ತಿರಲಿಲ್ಲ. 1984ರಲ್ಲಿ ಆಪಲ್ ಸಂಸ್ಥೆಯವರು ಮ್ಯಾಕಿಂಟಾಷ್ ಎಂಬ ಗಣಕವನ್ನು ತಂದಾಗ ಈ ಸ್ಥಿರತೆಯನ್ನು ಪರದೆಗೂ ತರಬೇಕೆಂದು ಅಂಗುಲಕ್ಕೆ 72 ಚುಕ್ಕೆಗಳನ್ನೇ ಇಟ್ಟರು. ಒಂದು ಚುಕ್ಕೆ, ಒಂದು ಪಾಯಿಂಟು. ಸೊಗಸಾದ ಯೋಜನೆ! ವಿಂಡೋಸ್ ಮಾಡಿದವರು ಬೇರೆ ವಿಚಾರ ಮಾಡಿದರು. ಪುಸ್ತಕವನ್ನು ಕೈಯಲ್ಲಿ ಹಿಡಿದು ಓದುತ್ತೇವೆ, ಪರದೆ ಅದಕ್ಕಿಂತ ದೂರದಲ್ಲಿ ಕುಳಿತಿರುತ್ತದೆ, ಆದುದರಿಂದ ಅದರ ಮೇಲಣ ಅಕ್ಷರ ಮೂರನೆಯ ಒಂದು ಪಾಲಿನಷ್ಟು ದೊಡ್ಡದಾಗಿರಲಿ ಎಂದು 96 ಚುಕ್ಕೆಗಳನ್ನು ಒಂದು ಅಂಗುಲವೆಂದು ಭಾವಿಸಿದರು. ಭಾವಿಸಿದರು ಎಂಬುದನ್ನು ಗಮನಿಸಿರಿ. ನಿಜವಾದ ಪರದೆಯಲ್ಲಿ ಅಂಗುಲಕ್ಕೆ 60 ಇರಲಿ, 140 ಇರಲಿ, ಯಂತ್ರಕ್ಕೆ ಮಾತ್ರ 96 ಎಂಬುದೇ ಅಂಗುಲ. ಈ ಭಾವನೆಗೂ ವಾಸ್ತವಕ್ಕೂ ನಡುವೆ ಬಿದ್ದ ಅಂತರದಲ್ಲಿಯೇ ನಮ್ಮ ಕಣ್ಣುಗಳ ಪಾಡು ಸಿಕ್ಕಿಕೊಂಡಿದೆ.

ಇಷ್ಟು ತಿಳಿದಂತಾಯಿತು. ಮೊಳೆಯ ಅಕ್ಷರಕ್ಕೆ ಉದ್ದಳತೆಯಿತ್ತು. ಪರದೆಯ ಅಕ್ಷರಕ್ಕೆ ಎಣಿಕೆಯಷ್ಟೇ ಇದೆ. ಪರದೆ ಸೂಕ್ಷ್ಮವಾದಷ್ಟೂ ಅಕ್ಷರ ಕುಗ್ಗುತ್ತದೆ. ಮುಂದಿನ ಪ್ರಶ್ನೆ: ಕುಗ್ಗಿದರೆ ಕನ್ನಡಕ್ಕೇನು ವಿಶೇಷ ಹಾನಿ?

ಹಾನಿ ಇದೆ, ಹೆಚ್ಚಾಗಿಯೇ ಇದೆ. ಇಂಗ್ಲಿಷಿನ ದೊಡ್ಡಕ್ಷರವೊಂದನ್ನು ಅಡ್ಡಕ್ಕೆ 5, ನೆಟ್ಟಗೆ 7 ಚುಕ್ಕೆಗಳ ಚೌಕಟ್ಟಿನೊಳಗೆ ಗುರುತು ಸಿಗುವಂತೆ ಬಿಡಿಸಬಹುದು. ಬೆಳಕಿನ ಚುಕ್ಕೆಗಳ ಎಷ್ಟೋ ಫಲಕಗಳ ಕೆಲಸ ಇಷ್ಟರಲ್ಲಿಯೇ ಸಾಗಿದೆ. ಕನ್ನಡದ ಅಕ್ಷರ ಅಂಥದಲ್ಲ. ಅದು ದುಂಡು. ಅದಕ್ಕೆ ತಲೆಕಟ್ಟಿದೆ. ತಲೆಕಟ್ಟಿನ ಮೇಲೆ ಗುಡಿಸು ಬರುತ್ತದೆ, ಏತ್ವ ಬರುತ್ತದೆ; ಪಕ್ಕಕ್ಕೆ ಇಳಿಯೂ ಕೊಂಬೂ ದೀರ್ಘವೂ ಬರುತ್ತವೆ; ಕೆಳಗೆ ಒತ್ತು, ಒಮ್ಮೊಮ್ಮೆ ಒತ್ತಿಗೆ ಮತ್ತೊಂದು ಒತ್ತು. ‘ರಾಷ್ಟ್ರ’ ಎಂಬ ಪದವನ್ನು ನೆನೆದುಕೊಳ್ಳಿ. ಮೂಲದ ಷಕಾರ, ಅದರ ಕೆಳಗೆ ಟಕಾರದ ಒತ್ತು, ಅದರ ಬದಿಗೆ ರಕಾರದ ಒತ್ತು. ‘ಲಕ್ಷ್ಮಿ’ಯೂ ಹಾಗೆಯೇ, ‘ಸ್ತ್ರೀ’ಯೂ ಹಾಗೆಯೇ. ಇಂಗ್ಲಿಷಿನ ಅಕ್ಷರ ಆರಾಮವಾಗಿ ಕೂಡುವ 16 ಚುಕ್ಕೆಯ ಎತ್ತರದಲ್ಲಿ ಕನ್ನಡದ ಅಕ್ಷರ ಮೂರು ನೆಲೆಗಳನ್ನು ಹಂಚಿಕೊಂಡು ಇಕ್ಕಟ್ಟಿನಲ್ಲಿ ನಿಲ್ಲಬೇಕಾಗುತ್ತದೆ. ಹೀಗಾಗಿ ಗಾತ್ರ ಕುಗ್ಗಿದಾಗ ಮೊದಲು ಅಳಿದುಹೋಗತಕ್ಕದ್ದು ಒತ್ತು. ಎರಡನೆಯದು, ಅಲ್ಪಪ್ರಾಣ ಮಹಾಪ್ರಾಣಗಳ ಭೇದ. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ವ್ಯತ್ಯಾಸವೆಂದರೆ ಅಡಿಯಲ್ಲಿ ಬರುವ ಒಂದು ಕಿರಿದಾದ ಸೀಳು ಮಾತ್ರ. ಪಕಾರದ ಹೊಟ್ಟೆಯೊಳಗೆ ಒಂದು ಪುಟ್ಟ ಗೀಟು ಬಿದ್ದರೆ ಅದು ಷಕಾರ. ಈ ಸೀಳಿಗೆ, ಈ ಗೀಟಿಗೆ, ಒಂದೋ ಎರಡೋ ಚುಕ್ಕೆಗಳ ಆಸ್ತಿ. ಕಣ್ಣಿಗೆ ಅವು ತಪ್ಪಿದರೆ ಹೆಸರೇ ಬದಲಾಯಿತು.

ಹೆಸರು ಬದಲಾದರೆ ಏನಾಗುತ್ತದೆಂಬುದನ್ನು ಹೊಲವುಳ್ಳವರಿಗೆ ನಾನು ವಿವರಿಸಬೇಕಾಗಿಲ್ಲ. ಆಧಾರಿನಲ್ಲಿ ಮಹಾಪ್ರಾಣ, ಉತಾರದಲ್ಲಿ, ಎಂದರೆ ಹೊಲದ ಪಹಣಿಯಲ್ಲಿ, ಅಲ್ಪಪ್ರಾಣ. ನಡುವೆ ಬೆಳೆವಿಮೆಯ ಹಣ ನಿಂತಿತು. ಟೈಪು ಮಾಡಿದವನ ಉದಾಸೀನವೊಂದೇ ಇದಕ್ಕೆ ಕಾರಣವೆಂದು ಎಲ್ಲರೂ ಬೈಯುತ್ತಾರೆ. ಅವನು ಟೈಪು ಮಾಡಿದುದು ಅವನ ಕಣ್ಣಿಗೇ ಸರಿಯಾಗಿ ಕಂಡಿತ್ತೋ ಇಲ್ಲವೋ ಎಂದು ವಿಚಾರಿಸಿದವರು ವಿರಳ.

ಇಲ್ಲಿ ನಮ್ಮ ರಾಜ್ಯದ ಒಂದು ದೊಡ್ಡ ಕಾರ್ಯವನ್ನು ಸ್ಮರಿಸಬೇಕು. ಅದು ‘ಭೂಮಿ’ ಯೋಜನೆ. ತಲಾಠಿಗಳ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿ, 2001ರ ಸುಮಾರಿಗೆ ಕರ್ನಾಟಕದ ಆಗಿನ ನೂರೆಪ್ಪತ್ತಕ್ಕೂ ಮಿಕ್ಕ ತಾಲ್ಲೂಕು ಕಚೇರಿಗಳಲ್ಲಿ, 15 ರೂಪಾಯಿಗೆ ಒಂದು ಪ್ರತಿಯಂತೆ ಕೊಡುವ ವ್ಯವಸ್ಥೆಯಾಯಿತು. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹುಟ್ಟಿದ ಹಾವೇರಿ ಜಿಲ್ಲೆಯ ಶಿಗ್ಗಾಂವ, ಹಾನಗಲ್ಲ, ಸವಣೂರ, ಹಿರೇಕೆರೂರಗಳೂ ಅದರೊಳಗೆ ಸೇರಿದವು. ಈ ಯೋಜನೆಯನ್ನು ರೂಪಿಸಿದವರು ಒಂದು ಸೂಕ್ಷ್ಮವಾದ ಔಚಿತ್ಯವನ್ನು ತೋರಿದರು. ಖಿಡಕಿಯ ಒಳಗಡೆ ನೌಕರನಿಗೊಂದು ಪರದೆ. ಹೊರಗೆ ನಿಂತ ರೈತನ ಕಡೆಗೆ ಮುಖಮಾಡಿ ಇನ್ನೊಂದು ಪರದೆ. ತನ್ನ ಹೊಲದ ಕಾಗದದ ಮೇಲೆ ನೌಕರನು ಏನು ಮಾಡುತ್ತಿದ್ದಾನೆಂಬುದನ್ನು ರೈತನು ತಾನೇ ನೋಡಲಿ ಎಂಬುದು ಅದರ ಉದ್ದೇಶ. ಕಚೇರಿಯ ಗುಟ್ಟನ್ನು ಬಯಲಿಗಿಡುವ ಇಂಥ ಧೈರ್ಯ ಆಡಳಿತದಲ್ಲಿ ಸುಲಭವಾಗಿ ಕಾಣತಕ್ಕದ್ದಲ್ಲ. ನನಗೆ ಆ ಯೋಜನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದ ಅಂಶವೇ ಅದು.

ಆದರೆ ನೋಡಲಿ ಎಂದಮಾತ್ರಕ್ಕೆ ಕಾಣುವುದಿಲ್ಲವಷ್ಟೆ. ಎರಡೂ ಪರದೆಗಳ ಮೇಲೆ ಮೂಡುವುದು ಒಂದೇ ಚಿತ್ರ. ನೌಕರನು ಮೊಳದೂರದಲ್ಲಿ ಕುಳಿತು ಓದುತ್ತಾನೆ. ರೈತನು ಖಿಡಕಿಯ ಹೊರಗೆ ಅದರ ಎರಡರಷ್ಟು ದೂರದಲ್ಲಿ ನಿಂತಿರುತ್ತಾನೆ. ದೂರ ಎರಡರಷ್ಟಾದರೆ ಕಣ್ಣಿಗೆ ಅಕ್ಷರ ಅರ್ಧಕ್ಕಿಳಿಯಿತು. ಅದರ ಮೇಲೆ ಅವನಿಗೆ ಚಾಳೀಸು ಬಂದಿರುತ್ತದೆ; ಕನ್ನಡಕ ಮನೆಯಲ್ಲಿ ಉಳಿದಿರುತ್ತದೆ. ಅಕ್ಷರದ ಗಾತ್ರವನ್ನು ಪರದೆಯ ಮೇಲೆ ಅಳೆಯುವುದರಿಂದ ಪ್ರಯೋಜನವಿಲ್ಲ, ಕಣ್ಣಿನಿಂದ ಅಳೆಯಬೇಕು ಎಂಬ ಈ ತತ್ತ್ವವನ್ನು ಅಂತರ್ಜಾಲದ ಪುಟಗಳ ನಿಯಮಗಳನ್ನು ಬರೆದವರು ಒಪ್ಪಿಕೊಂಡಿದ್ದಾರೆ. ತೋಳು ಚಾಚಿದಷ್ಟು ದೂರದಲ್ಲಿ, ಎಂದರೆ ಸುಮಾರು 70 ಸೆಂಟಿಮೀಟರಿನಲ್ಲಿ, ಅಂಗುಲದ 96ನೆಯ ಒಂದು ಪಾಲು ಕಣ್ಣಿಗೆ ಎಷ್ಟು ಕಾಣುತ್ತದೆಯೋ ಅಷ್ಟನ್ನು ಅವರು ತಮ್ಮ ಮಾನವಾಗಿ ಇಟ್ಟುಕೊಂಡಿದ್ದಾರೆ. ಪರದೆ ದೂರವಿದ್ದರೆ ಮಾನವೂ ಹಿಗ್ಗಬೇಕು.

ಈಗ ಪಹಣಿಗಾಗಿ ತಾಲ್ಲೂಕು ಕಚೇರಿಗೇ ಹೋಗಬೇಕೆಂಬುದಿಲ್ಲ. ಪೇಟೆಯ ಆನ್‌ಲೈನ್ ಸೇವೆಯ ಅಂಗಡಿಗಳಲ್ಲಿ ಅದು ದೊರೆಯುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸೆ ಎಂದು ಒಂದರ ಹಿಂದೊಂದು ಪಟ್ಟಿಗಳನ್ನು ಆರಿಸಿ ಕೊನೆಗೆ ಅಡ್ಡಡ್ಡಲಾಗಿ ಹರಡಿದ ಆ ದೊಡ್ಡ ಕೋಷ್ಟಕ ತೆರೆದುಕೊಂಡಾಗ ಮೇಜಿನ ಈಚೆಗೆ ನಿಂತವರಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ ಬಗೆಯದು: “ತಮ್ಮಾ, ಹನ್ನೊಂದನೇ ಕಾಲಮ್ಮಿನಾಗ ಸೊಸೈಟಿ ಬೋಜಾ ಇನ್ನೂ ಐತೇನು, ತಗದಾರೇನು? ನನಗೊಂದೂ ಕಾಣವಲ್ತು.” ಅದಕ್ಕೆ ಉತ್ತರ: “ತಡೀರಿ ಅಜ್ಜಾರ, ದೊಡ್ಡದು ಮಾಡ್ತೀನ್ರಿ.” ಈ ‘ದೊಡ್ಡದು ಮಾಡುವ’ ಕ್ರಿಯೆಯನ್ನು ಹೇಗೆ ನಡೆಸಬೇಕೆಂಬುದೇ ನನ್ನ ಮುಂದಿನ ಮಾತು. ಅದಕ್ಕೆ ಎರಡು ದಾರಿಗಳಿವೆ. ಒಂದು ಅಡ್ಡದಾರಿ. ಹೆಚ್ಚು ಜನ ಹಿಡಿದಿರುವುದು ಅದನ್ನೇ.

ಮುಂದಕ್ಕೆ ಹೋಗುವ ಮೊದಲು, ಈಗಷ್ಟೇ ಬಾನುಲಿಯ ಕಿವಿ ತಿರುಹಿದವರಿಗಾಗಿ ಎರಡು ಮಾತು. ಚುಕ್ಕೆ ಸೂಕ್ಷ್ಮವಾದರೆ ಪರದೆಯ ಅಕ್ಷರ ಕುಗ್ಗುತ್ತದೆ ಎಂದೆವು. ಕನ್ನಡದಲ್ಲಿ ಮೊದಲು ಕೆಡುವುದು ಒತ್ತಕ್ಷರ ಎಂದೆವು. ದೂರ ನಿಂತವನಿಗೆ ಇದು ಇಮ್ಮಡಿ ಎಂದೆವು.

ಅಡ್ಡದಾರಿ ಯಾವುದು? ಪರದೆಯ ರೆಸೊಲ್ಯೂಷನ್ನನ್ನು ಇಳಿಸಿಬಿಡುವುದು. 1920 ಚುಕ್ಕೆಗಳ ಪರದೆಗೆ ನೀನು 1366 ಚುಕ್ಕೆಯವಳೆಂದು ಆಜ್ಞೆ ಮಾಡುವುದು. ಎಣಿಕೆ ಇಳಿಯುತ್ತದೆ, ಅಕ್ಷರ ಹಿಗ್ಗುತ್ತದೆ. ಹಳೆಯ ಕೊಳವೆಯ ಮಾನಿಟರುಗಳಲ್ಲಿ ಇದು ತಕ್ಕಮಟ್ಟಿಗೆ ನಿರ್ದೋಷವಾದ ಉಪಾಯವೇ ಆಗಿತ್ತು. ಅಲ್ಲಿ ಚಿತ್ರವನ್ನು ಬರೆಯುತ್ತಿದ್ದುದು ಗಾಜಿನ ಹಿಂದೆ ಓಡಾಡುವ ಒಂದು ಕಿರಣ. ಅದನ್ನು ಒತ್ತಾಗಿ ಓಡಿಸಿದರೂ ಅಗಲವಾಗಿ ಓಡಿಸಿದರೂ ಅದು ಹೊಂದಿಕೊಳ್ಳುತ್ತಿತ್ತು. ಈಗಿನ ಚಪ್ಪಟೆ ಪರದೆಯಲ್ಲಿ ಹಾಗಿಲ್ಲ. ಪ್ರತಿಯೊಂದು ಚುಕ್ಕೆಯೂ ಕಾರ್ಖಾನೆಯಲ್ಲಿಯೇ ನೆಲೆಗೊಂಡ ಒಂದೊಂದು ಕೋಶ. ಅದನ್ನು ದೊಡ್ಡದು ಮಾಡಲು ಬ್ರಹ್ಮನಿಂದಲೂ ಆಗದು. 1366ನ್ನು 1920ರ ಮೇಲೆ ಹರಡಬೇಕಾದಾಗ ಒಂದೊಂದು ಚುಕ್ಕೆಗೂ ಒಂದೂವರೆಗೆ ತುಸು ಕಡಮೆಯಷ್ಟು ಕೋಶಗಳು ಪಾಲಿಗೆ ಬರುತ್ತವೆ. ಕಸೂತಿಯವಳಿಗೆ ಒಂದೂವರೆ ಎಳೆಗೆ ಒಂದು ಹೊಲಿಗೆ ಹಾಕೆಂದರೆ ಏನು ಮಾಡಿಯಾಳು? ಅರೆ ಎಳೆಯೆಂಬುದೇ ಇಲ್ಲ. ಯಂತ್ರವು ಈ ಭಿನ್ನರಾಶಿಯನ್ನು ತೀರಿಸಲಾರದೆ ನೆರೆಯ ಕೋಶಗಳಲ್ಲಿ ಬಣ್ಣವನ್ನು ತೇಲಿಸಿಬಿಡುತ್ತದೆ. ಅಕ್ಷರ ದೊಡ್ಡದಾಗುತ್ತದೆ, ಜೊತೆಗೆ ಮಸುಕಾಗುತ್ತದೆ. ಇಂಗ್ಲಿಷಿನ ಅಕ್ಷರ ಆ ಮಸುಕನ್ನು ಹೇಗೋ ಸಹಿಸಿಕೊಳ್ಳುತ್ತದೆ. ಧಕಾರದ ಸೀಳು, ಷಕಾರದ ಗೀಟು, ಒತ್ತಿನ ಬದಿಯ ಒತ್ತು, ಇವು ಸಹಿಸವು. ಕಾಣಲೆಂದು ಹಿಗ್ಗಿಸಿದೆವು, ಹಿಗ್ಗಿದ್ದರಿಂದಲೇ ಕಾಣದಾಯಿತು.

ಸರಿಯಾದ ದಾರಿ ಬೇರೆ. ಬಟ್ಟೆಯನ್ನು ಹಾಗೆಯೇ ನಯವಾಗಿ ಬಿಟ್ಟು ಹೊಲಿಗೆಯನ್ನು ಉದ್ದ ಮಾಡುವುದು. ಒಂದು ಎಳೆ ದಾಟುವಲ್ಲಿ ಎರಡು ಎಳೆ ದಾಟುವುದು. ಆಗ 60 ಎಳೆಯ ಗೋಪುರ 120 ಎಳೆಯಾಗಿ, ನಯವಾದ ಬಟ್ಟೆಯ ಮೇಲೂ ತನ್ನ ಹಿಂದಿನ ಎರಡು ಅಂಗುಲಕ್ಕೆ ಬಂದು ನಿಲ್ಲುತ್ತದೆ. ಗಣಕದಲ್ಲಿ ಇದಕ್ಕೆ ಸ್ಕೇಲ್ ಎನ್ನುತ್ತಾರೆ. ವಿಂಡೋಸ್ ಇರುವ ಯಂತ್ರದಲ್ಲಿ, ಪರದೆಯ ಖಾಲಿ ಜಾಗದ ಮೇಲೆ ಇಲಿಯ ಬಲಗುಂಡಿಯನ್ನು ಒತ್ತಿರಿ. ಡಿಸ್‌ಪ್ಲೇ ಸೆಟಿಂಗ್ಸ್ ಎಂಬುದನ್ನು ತೆರೆಯಿರಿ. ಅಲ್ಲಿ ಎರಡು ಸಾಲುಗಳು ಒಂದರ ಕೆಳಗೊಂದು ಇರುತ್ತವೆ. ಕೆಳಗಿನದು ಡಿಸ್‌ಪ್ಲೇ ರೆಸೊಲ್ಯೂಷನ್. ಅದರ ಮುಂದೆ ರೆಕಮೆಂಡೆಡ್ ಎಂಬ ಮಾತುಳ್ಳ ಎಣಿಕೆಯನ್ನೇ ಇಡಿರಿ. ಅದು ಆ ಪರದೆಯ ಹುಟ್ಟುಗುಣ. ಮೇಲಿನದು ಸ್ಕೇಲ್. ಅದರಲ್ಲಿ ನೂರಕ್ಕೆ 100, 125, 150, 200 ಎಂಬ ಆಯ್ಕೆಗಳಿರುತ್ತವೆ. ನಿಮ್ಮ ಕಣ್ಣಿಗೆ ಒಪ್ಪುವುದನ್ನು ಆರಿಸಿಕೊಳ್ಳಿರಿ. ಅಂಗುಲಕ್ಕೆ 140 ಚುಕ್ಕೆಯ ಪರದೆಗೆ 150 ಹೊಂದುತ್ತದೆ.

ಇಲ್ಲಿ ಜಾಣರಾದ ಕೇಳುಗರು ಒಂದು ಆಕ್ಷೇಪವನ್ನೆತ್ತಬಹುದು. ನೂರಕ್ಕೆ 150 ಎಂದರೂ ಒಂದೂವರೆಯೇ ಅಲ್ಲವೇ. ಅರೆ ಎಳೆಯ ದೋಷ ಇಲ್ಲಿ ಏಕೆ ತಟ್ಟದು? ಆಕ್ಷೇಪ ಯುಕ್ತವಾದುದೇ. ಉತ್ತರ ಅಕ್ಷರದ ಒಳಗಿದೆ. ಒಂದು ಕಾಲದಲ್ಲಿ ಪರದೆಯ ಅಕ್ಷರವನ್ನು ಚುಕ್ಕೆ ಚುಕ್ಕೆಯಾಗಿಯೇ ಬರೆದಿಡುತ್ತಿದ್ದರು. 1991ರಲ್ಲಿ ಆಪಲ್‌ನವರ ಟ್ರೂಟೈಪ್ ಎಂಬ ವಿಧಾನ ಬಂದು, ಮರುವರ್ಷವೇ ವಿಂಡೋಸಿಗೂ ಅದು ಸೇರಿದ ಮೇಲೆ, ಅಕ್ಷರವನ್ನು ಬಾಗುಗೆರೆಗಳ ಗಣಿತವಾಗಿ ಬರೆದಿಡುವ ರೂಢಿ ನೆಲೆಗೊಂಡಿತು. ಇಂಥ ಅಕ್ಷರಕ್ಕೆ ಹುಟ್ಟಿನಿಂದ ಗಾತ್ರವೇ ಇಲ್ಲ. 16 ಚುಕ್ಕೆಗೆ ಬರೆ ಎಂದರೆ ಯಂತ್ರ 16ಕ್ಕೆ ಹೊಸದಾಗಿ ಬರೆಯುತ್ತದೆ; 24ಕ್ಕೆ ಎಂದರೆ 24ಕ್ಕೆ ಹೊಸದಾಗಿ. ಬರೆದುದನ್ನು ಎಳೆದು ಹಿಗ್ಗಿಸುವುದು ಅಡ್ಡದಾರಿ. ಹಿಗ್ಗಿದ ಗಾತ್ರಕ್ಕೆ ಮರಳಿ ಬರೆಯುವುದು ಸ್ಕೇಲು. 24 ಚುಕ್ಕೆಯ ಎತ್ತರ ದೊರೆತಾಗ ಒತ್ತಿಗೂ ಸೀಳಿಗೂ ಒಳ್ಳೆಯ ಅವಕಾಶ ಸಿಕ್ಕುತ್ತದೆ. ಸೂಕ್ಷ್ಮವಾದ ಪರದೆ ಕನ್ನಡಕ್ಕೆ ಶತ್ರುವಲ್ಲವೆಂದೂ, ನಮ್ಮ ಒತ್ತಕ್ಷರಗಳಿಗೆ ಇಂಥ ಅನುಕೂಲ ಹಿಂದೆಂದೂ ಒದಗಿರಲಿಲ್ಲವೆಂದೂ ನಾನು ಹೇಳುವುದು ಇದರಿಂದಲೇ. ಅಕ್ಷರ ಕುಗ್ಗಿದ್ದು ಪರದೆಯ ಪಾಪವಲ್ಲ. ಎಣಿಕೆಯನ್ನು ತಿದ್ದಿಕೊಳ್ಳದ ತಂತ್ರಾಂಶದ್ದು.

ಅಂಥ ತಂತ್ರಾಂಶಗಳು ಇನ್ನೂ ಬಹಳ ಉಳಿದಿವೆ. ಸ್ಕೇಲನ್ನು ಏರಿಸಿದಾಗ ಅವುಗಳಲ್ಲಿ ಕೆಲವು ಹಟದಿಂದ ಚಿಕ್ಕವಾಗಿಯೇ ಉಳಿಯುತ್ತವೆ. ಕೆಲವನ್ನು ವಿಂಡೋಸು ತಾನೇ ಎಳೆದು ಹಿಗ್ಗಿಸುತ್ತದೆ, ಅವು ಮಸುಕಾಗುತ್ತವೆ. ಇನ್ನು ಕೆಲವು ಅರೆಬರೆ ಬುದ್ಧಿಯವು: ಅಕ್ಷರ ಬೆಳೆಯುತ್ತದೆ, ಅಕ್ಷರವನ್ನು ಇಟ್ಟ ಚೌಕ ಬೆಳೆಯುವುದಿಲ್ಲ. ಚೌಕದ ಎತ್ತರವನ್ನು ಗೊತ್ತುಮಾಡಿದವನು ಇಂಗ್ಲಿಷಿನ ಅಕ್ಷರವನ್ನು ಮುಂದಿಟ್ಟುಕೊಂಡಿದ್ದನು. ಆಗ ಇಂಗ್ಲಿಷು ಬಚಾವಾಗಿ ಕನ್ನಡದ ಕೆಳಭಾಗ ಕತ್ತರಿಸಿಹೋಗುತ್ತದೆ. ಇಂಥ ಚೌಕದಲ್ಲಿ ‘ಶಿಗ್ಗಾಂವ’ ಎಂಬ ಊರಿನ ಹೆಸರೇ ತನ್ನ ಒತ್ತನ್ನು ಕಳೆದುಕೊಂಡು ‘ಶಿಗಾಂವ’ ಆಗಿ ನಿಲ್ಲಬಹುದು. ಮೈಕ್ರೋಸಾಫ್ಟಿನವರು 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಕನ್ನಡ ಅಕ್ಷರಮಾಲೆಯನ್ನು ಕೊಟ್ಟರು. 2012ರ ವಿಂಡೋಸ್ 8ರೊಡನೆ, ಪಟ್ಟಿ ಗುಂಡಿಗಳ ಇಕ್ಕಟ್ಟಿಗೆ ಹೊಂದುವಂತೆ, ನಿರ್ಮಲಾ ಯುಐ ಎಂಬುದನ್ನು ತಂದರು. ಗೂಗಲ್‌ನವರ ನೋಟೋ ಅಕ್ಷರಗಳಲ್ಲಿಯೂ ಕನ್ನಡಕ್ಕೆ ಸಾಮಾನ್ಯ ರೂಪವಲ್ಲದೆ ಯುಐ ಎಂಬ ಬೇರೊಂದು ರೂಪವುಂಟು. ಇಂಗ್ಲಿಷಿನ ಸಾಲಿನ ಎತ್ತರದೊಳಗೆ ಕೂಡುವಂತೆ ಅದರ ಮೇಲುಕೆಳಗುಗಳನ್ನು ಒತ್ತಿ ಕಿರಿದು ಮಾಡಿದ್ದಾರೆ. ಜಾಣತನದ ಕೆಲಸವೇ ಸರಿ. ಆದರೂ ಮನೆಗೆ ಬಾಗಿಲು ಗಿಡ್ಡದಾದರೆ ಬಾಗಿಲನ್ನು ಎತ್ತರಿಸುವುದೋ, ಹೋಗಬರುವವರ ಬೆನ್ನು ಬಗ್ಗಿಸುವುದೋ ಎಂದು ಕೇಳಬೇಕೆನಿಸುತ್ತದೆ. ನನ್ನ ಮತ ಬಾಗಿಲಿನ ಪರವಾಗಿದೆ.

ಅಂಗಡಿಯ ಪರದೆಯ ಮಾತಾಯಿತು. ಇನ್ನು ನಿಮ್ಮ ಜೇಬಿನ ಪರದೆ. ದೊಡ್ಡ ಗಣಕದಲ್ಲಿ ಎಡವಿದ ಹೆಜ್ಜೆಯನ್ನು ಮೊಬೈಲು ಮಾಡಿದವರು ಬೇಗನೆ ತಿದ್ದಿಕೊಂಡರು. 2007ರ ಐಫೋನಿನಲ್ಲಿ ಅಂಗುಲಕ್ಕೆ ಸುಮಾರು 160 ಚುಕ್ಕೆಗಳಿದ್ದವು. 2010ರಲ್ಲಿ ಅವನ್ನು ಒಮ್ಮೆಗೇ ಎರಡರಷ್ಟು ಮಾಡಿದರು. ಗುಂಡಿಗಳು ಅರ್ಧಕ್ಕೆ ಕುಗ್ಗಬೇಕಾಗಿತ್ತು, ಕುಗ್ಗಲಿಲ್ಲ. ಹಿಂದೆ ಒಂದು ಚುಕ್ಕೆಯೆಂದು ಎಣಿಸಿದ ಕಡೆ ಈಗ ಅಡ್ಡಕ್ಕೆರಡು ನೆಟ್ಟಗೆರಡು ಚುಕ್ಕೆಗಳನ್ನು ಯಂತ್ರ ತಾನೇ ತುಂಬಿಕೊಳ್ಳುವಂತೆ ಏರ್ಪಡಿಸಿದ್ದರು. ಆಂಡ್ರಾಯ್ಡಿನವರು ಅಂಗುಲಕ್ಕೆ 160 ಎಂಬ ಕಲ್ಪಿತ ಮಾನವೊಂದನ್ನು ಹಿಡಿದು, ನಿಜವಾದ ಚುಕ್ಕೆ ಎಷ್ಟೇ ಇರಲಿ, ಆ ಮಾನದಲ್ಲಿಯೇ ಬರೆಯಿರೆಂದು ತಂತ್ರಾಂಶದವರಿಗೆ ವಿಧಿಸಿದರು. ಬೆರಳಿನಿಂದ ಒತ್ತುವ ಗುಂಡಿ ಆ ಮಾನದಲ್ಲಿ 48ಕ್ಕಿಂತ ಕಡಮೆಯಿರಕೂಡದೆಂಬುದು ಅವರ ಸಲಹೆ. ಸುಮಾರು ಮುಕ್ಕಾಲು ಸೆಂಟಿಮೀಟರಾಯಿತು. ದನಕರುಗಳ ಹಗ್ಗ ಹಿಡಿದು ದಡ್ಡುಗಟ್ಟಿದ ಬೆರಳಿಗೆ ಇದೂ ಸಾಲದೆಂದು ನಾನು ಭಾವಿಸುತ್ತೇನೆ.

ಆಂಡ್ರಾಯ್ಡ್ ಮೊಬೈಲಿನ ಸೆಟಿಂಗ್ಸಿನಲ್ಲಿ ಡಿಸ್‌ಪ್ಲೇ ಎಂಬಲ್ಲಿ ಎರಡು ಬೇರೆ ಬೇರೆ ಜಾರುಪಟ್ಟಿಗಳಿರುವುದನ್ನು ಹಲವರು ಗಮನಿಸಿರುವುದಿಲ್ಲ. ಫಾಂಟ್ ಸೈಜ್ ಎಂಬುದು ಅಕ್ಷರವನ್ನು ಮಾತ್ರ ಬೆಳೆಸುತ್ತದೆ. ಡಿಸ್‌ಪ್ಲೇ ಸೈಜ್ ಎಂಬುದು ಗುಂಡಿ, ಚಿತ್ರ, ಪಟ್ಟಿಗಳನ್ನೂ ಕೂಡಿಸಿಕೊಂಡು ಎಲ್ಲವನ್ನೂ ಬೆಳೆಸುತ್ತದೆ. ಕಣ್ಣು ಮಂದವಾಗಿ ಬೆರಳು ಚುರುಕಾಗಿರುವವರಿಗೆ ಮೊದಲನೆಯದು ಸಾಕು. ಎರಡೂ ತೊಡಕಾಗಿರುವ ಹಿರಿಯರಿಗೆ ಎರಡನೆಯದನ್ನೇ ಏರಿಸಿಕೊಡಿರಿ. ಪರದೆಯಲ್ಲಿ ಒಮ್ಮೆಗೆ ಕಾಣುವ ಸಾಲುಗಳು ಕಡಮೆಯಾಗುತ್ತವೆ. ಬೆರಳಿನಿಂದ ಸರಿಸುವ ಕೆಲಸ ಹೆಚ್ಚುತ್ತದೆ. ಅದನ್ನು ಅವರಿಗೆ ಮುಂಚೆಯೇ ತಿಳಿಸಿರಬೇಕು. ಇಲ್ಲವಾದರೆ ಕಾಗದದ ಅರ್ಧಭಾಗವೇ ಕಳೆದುಹೋಯಿತೆಂದು ಗಾಬರಿಯಾದಾರು.

ಹೀಗೆ ಏರಿಸಿದ ಮೇಲೆ ನಿಮ್ಮ ಉತಾರವನ್ನೋ ಬ್ಯಾಂಕಿನ ಪುಟವನ್ನೋ ತೆರೆದು, ಎರಡು ಒತ್ತುಗಳುಳ್ಳ ಒಂದು ಪದವನ್ನು ಹುಡುಕಿ ನೋಡಿರಿ. ಅಡಿ ಪೂರ್ತಿಯಾಗಿ ಕಂಡರೆ ಸರಿ. ಕತ್ತರಿಸಿದ್ದರೆ ತಪ್ಪು ನಿಮ್ಮ ಕಣ್ಣಿನದಲ್ಲ, ಮೊಬೈಲಿನದೂ ಅಲ್ಲ. ಆ ತಂತ್ರಾಂಶವನ್ನು ಮಾಡಿದವರದು. ಅವರಿಗೆ ಬರೆಯಲು ಪ್ರತಿಯೊಂದು ತಂತ್ರಾಂಶದ ಪುಟದಲ್ಲಿಯೂ ಸಾಮಾನ್ಯವಾಗಿ ಒಂದು ಎಡೆಯಿರುತ್ತದೆ. ಬರೆಯುವಾಗ ಕತ್ತರಿಸಿದ ಪದ ಯಾವುದು, ಮೊಬೈಲು ಯಾವ ಮಾದರಿಯದು, ಅಕ್ಷರವನ್ನು ಎಷ್ಟಕ್ಕೆ ಏರಿಸಿದ್ದಿರಿ ಎಂಬ ಮೂರನ್ನೂ ತಿಳಿಸಿರಿ. ಪರದೆಯ ಚಿತ್ರವನ್ನು ತೆಗೆದು ಜೊತೆಗಿಡಲು ಬಲ್ಲ ಹುಡುಗರು ಮನೆಯಲ್ಲಿದ್ದರೆ ಅವರಿಂದ ಅದನ್ನೂ ಮಾಡಿಸಿರಿ. ಇಂಗ್ಲಿಷಿನ ಅಕ್ಷರವನ್ನೇ ನೋಡುತ್ತ ಕೂತವನಿಗೆ ಕನ್ನಡದ ಒತ್ತು ಕತ್ತರಿಸಿತೆಂದು ಬಾಯಿಮಾತಿನಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ.